ಗೋಡೆಗೇರಿದ ಬಾಡಿದ ಮಲ್ಲಿಗೆ

ಈಚೆಗೆ ನಮ್ಮ ಮನೆಗೆ ಬಂದ ಸದಾಶಿವಣ್ಣ ಕಾಫಿ ಕುಡಿಯದೆ ಹೋದರು.

ಇದೇನು ಸಣ್ಣ ವಿಷಯವಲ್ಲ. ಅವರು ನನ್ನ ದೊಡ್ಡಪ್ಪನ ಮಗ. ತೋಡಾರಿನಿಂದ ಬಸ್ಸು ಬದಲಿಸಿ ಬಂಟ್ವಾಳಕ್ಕೆ ಬಂದವರು. ಕಾಫಿಗೆ ಸಕ್ಕರೆ ಕಡಿಮೆಯಾದರೆ ಕೇಳಿ ಹಾಕಿಸಿಕೊಳ್ಳುವಷ್ಟು ಸಲಿಗೆ ಇರುವವರು. ಅಂಥವರು ಅವತ್ತು ಬಾಗಿಲಲ್ಲಿ ನಿಂತು ಹಾಲ್‌ನ ಗೋಡೆಯತ್ತ ಒಮ್ಮೆ ನೋಡಿದರು, ತಲೆ ತಗ್ಗಿಸಿದರು. ಸೋಫಾದ ತುದಿಯಲ್ಲಿ ಕುಳಿತರು. ಚೀಲದೊಳಗೆ ಹಾಕಿದ್ದ ಕೈಯನ್ನು ಖಾಲಿಯಾಗಿಯೇ ಹೊರತೆಗೆದರು.

"ವಸಂತಿ ಇಲ್ವಾ?" ಎಂದರು ಮೆಲ್ಲಗೆ. ವಸಂತಿ ನನ್ನ ಹೆಂಡತಿ.

"ಬೆಳ್ತಂಗಡಿಗೆ ಹೋಗಿದ್ದಾಳೆ, ತಾಯಿ ಮನೆಗೆ."

"ಹೋಗ್ಲೇಬೇಕಲ್ಲ. ಎಲ್ಲ ದೇವರ ಇಚ್ಛೆ ಮಾರಾಯ."

ಅಷ್ಟು ಹೇಳಿ ಎದ್ದು ಹೋದರು. ನನಗೇನೂ ಅರ್ಥವಾಗಲಿಲ್ಲ.

ಆ ಗೋಡೆಯ ಮೇಲೆ ಏನಿತ್ತು ಎಂದು ಹೇಳಬೇಕಲ್ಲ? ನನ್ನ ಮೊದಲ ಕಲಾಕೃತಿ! (ನಗಬೇಡಿ.) ವಕೀಲಿಕೆಯ ನಡುವೆ ನನಗೆ ಹೊಸದೊಂದು ಹುಚ್ಚು ಹಿಡಿದಿದೆ. ಬಾಡಿದ ಹೂಗಳನ್ನು ಕಪ್ಪು ಬಿಳುಪಿನಲ್ಲಿ ಫೋಟೋ ತೆಗೆಯುವ ಹುಚ್ಚು. ಬಾಡಿದ್ದೇ ಯಾಕೆ? ತಾಜಾ ಹೂಗಳು ದಿನಾ ಬೆಳಗ್ಗೆ ಗುಡ್ ಮಾರ್ನಿಂಗ್ ಹೊತ್ತುಕೊಂಡು ವಾಟ್ಸಾಪಿಗೆ ಬಂದು ಬೀಳುತ್ತವೆ. ಬಾಡಿದ್ದನ್ನು ಕೇಳುವವರು ಯಾರು?

ಪಕ್ಕದ ಮನೆಯ ಜುಬೈದಕ್ಕನ ಮಗಳು ನಶೀಮಳ ಮದುವೆಯಲ್ಲಿ ವಸಂತಿ ಮುಡಿದ ಮಲ್ಲಿಗೆ ಅದು, ನಡುವೆ ಒಂದು ಗುಲಾಬಿ. ಮರುದಿನ ಕಿಟಕಿಯ ಬಳಿ ಸುಕ್ಕಾಗಿ, ಕಂದು ಬಣ್ಣಕ್ಕೆ ತಿರುಗಿ ಬಿದ್ದಿತ್ತು. ವಸಂತಿ ಅದನ್ನು ತೆಂಗಿನ ಬುಡಕ್ಕೆ ಹಾಕುವ ಮೊದಲೇ ನಾನು ಎತ್ತಿಕೊಂಡೆ. ಆದಿತ್ಯವಾರ ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿದೆ. ಕುರ್ಚಿಯ ಬೆನ್ನಿಗೆ ನನ್ನ ಕೋರ್ಟಿನ ಕಪ್ಪು ಕೋಟು ಹಾಕಿದೆ. ಅದೇ ಬ್ಯಾಕ್‌ಗ್ರೌಂಡ್. ಮೊಬೈಲಿನ ಟಾರ್ಚನ್ನು ಒಂದೇ ಬದಿಯಿಂದ ಬಿಟ್ಟೆ.

ಬಣ್ಣದಲ್ಲಿ ಅದು ಕಸ. ಕಪ್ಪು ಬಿಳುಪಿನಲ್ಲಿ? ಕತ್ತಲೆಯೊಳಗಿಂದ ಒಂದೊಂದು ಎಸಳಿನ ಸುಕ್ಕೂ ಎದ್ದು ಬಂದಿತ್ತು. ಇಷ್ಟು ಖುಷಿ ನನಗೆ ಕೇಸು ಗೆದ್ದಾಗಲೂ ಆಗಿದ್ದಿಲ್ಲ. (ಸೋಮವಾರ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ನನ್ನ ಕೋಟಿನಿಂದ ಒಣಗಿದ ಎಸಳೊಂದನ್ನು ಹೆಕ್ಕಿ ತೆಗೆದರು. ಏನೂ ಕೇಳಲಿಲ್ಲ, ಪುಣ್ಯ.) ದೊಡ್ಡ ಪ್ರಿಂಟ್ ತೆಗೆಸಿ, ಕಪ್ಪು ಫ್ರೇಮಿಗೆ ಗಾಜು ಹಾಕಿಸಿ, ಹಾಲ್‌ನ ಎದುರು ಗೋಡೆಗೆ ಏರಿಸಿದೆ.

ವಸಂತಿ ಬೆಳ್ತಂಗಡಿಯಿಂದ ಬಂದ ಮೇಲೆ ಸುದ್ದಿ ಸಿಕ್ಕಿತು. ಸದಾಶಿವಣ್ಣನ ಮಗಳ ಮದುವೆಯ ಕಾಗದ ನೆಂಟರ ಮನೆಗೆಲ್ಲ ಹೋಗಿದೆ. ನಮ್ಮ ಮನೆಯೊಂದನ್ನು ಬಿಟ್ಟು! ವಸಂತಿಯ ಮುಖ ಇಷ್ಟೇ ಇಷ್ಟಾಯಿತು. ಆ ಸಂಬಂಧ ಕುದುರಿಸಿದ್ದೇ ಇವಳು. ಹುಡುಗನ ಮನೆಗೆ ಮೊದಲು ಹೋಗಿ ಬಂದವಳೂ ಇವಳೇ. ಅವಳಿಗೇ ಕರೆಯಿಲ್ಲವೆಂದರೆ? ಕಣ್ಣಲ್ಲಿ ನೀರು ತುಂಬಿಕೊಂಡೇ ಫೋನ್ ಮಾಡಿದಳು.

"ನಮ್ಮಿಂದ ಏನು ತಪ್ಪಾಯ್ತು ಭಾವ?"

"ತಪ್ಪಲ್ಲ ವಸಂತಿ. ಕಾಗದ ತಂದಿದ್ದೆ. ನಿನ್ನ ತಾಯಿಯ ಸೂತಕ ಇರುವಾಗ ಕೊಡುವುದು ಹೇಗೆ ಅಂತ ವಾಪಸ್ ತಗೊಂಡು ಹೋದೆ."

"ನನ್ನ ತಾಯಿಗೆ ಏನಾಗಿದೆ? ನಿನ್ನೆ ಪತ್ರೊಡೆ ಮಾಡಿ ಕಟ್ಟಿ ಕೊಟ್ಟಿದ್ದಾರೆ!"

ಫೋನ್ ಕಿವಿಗಿಟ್ಟುಕೊಂಡೇ ವಸಂತಿ ಗೋಡೆಯನ್ನು ನೋಡಿದಳು. ಆಮೇಲೆ ನನ್ನನ್ನು.

ಈಗ ನೀವೇ ಹೇಳಿ. ಕಪ್ಪು ಬಿಳುಪು ಫೋಟೋ, ಗಾಜಿನ ಫ್ರೇಮು, ಹಾಲ್‌ನ ಎದುರು ಗೋಡೆ. ನಮ್ಮ ಕಡೆ ಆ ಜಾಗ ಸಿಗಬೇಕಾದರೆ ಮೊದಲು ಸಾಯಬೇಕು. ಅಂಥ ಫೋಟೋವನ್ನು ಯಾರೂ ದಿಟ್ಟಿಸಿ ನೋಡುವುದಿಲ್ಲ. ಒಮ್ಮೆ ನೋಡಿ ತಲೆ ತಗ್ಗಿಸುವುದು ಮರ್ಯಾದೆ. ಸದಾಶಿವಣ್ಣ ಮರ್ಯಾದಸ್ಥರು. ಹೆಂಡತಿ ಬೇರೆ ತವರಿಗೆ ಹೋಗಿದ್ದಾಳೆ. ಇನ್ನೇನು ಬೇಕು?

"ಇಳಿಸಿ ಅದನ್ನು," ಎಂದಳು ವಸಂತಿ. ಇಳಿಸಿ ಬಾಗಿಲ ಪಕ್ಕದಲ್ಲಿ ಒರಗಿಸಿಟ್ಟೆ. ಬೇಸರವಾಯಿತು, ಸುಳ್ಳೇಕೆ ಹೇಳಲಿ?

ಸಂಜೆ ಜುಬೈದಕ್ಕ ಪಾತ್ರೆಯೊಂದನ್ನು ಹಿಂದಿರುಗಿಸಲು ಬಂದರು. ಬಾಗಿಲಲ್ಲೇ ಬಗ್ಗಿ ನೋಡಿದರು.

"ಇದು ನಶೀಮನ ಮದುವೆ ದಿನದ ಮಲ್ಲಿಗೆ ಅಲ್ವಾ ವಸಂತಕ್ಕ? ನಡುವಿಗೆ ಈ ಗುಲಾಬಿ ನಾನೇ ಸಿಕ್ಕಿಸಿದ್ದು."

ಶಾಲಿನ ತುದಿಯಿಂದ ಗಾಜು ಒರೆಸಿದರು. ನಶೀಮ ಈಗ ಗಂಡನೊಂದಿಗೆ ದುಬೈಯಲ್ಲಿದ್ದಾಳೆ.

"ನಮ್ಮ ಮನೆಯಲ್ಲಿ ಜನರ ಫೋಟೋ ಗೋಡೆಗೆ ಹಾಕುವುದಿಲ್ಲ. ಮದುವೆ ಆಲ್ಬಮ್ ಕಪಾಟಿನಲ್ಲೇ ಉಂಟು. ಇದನ್ನಾದ್ರೆ ಹಾಕ್ಬಹುದು, ದಿನಾ ನೋಡ್ಬಹುದು. ನಿಮಗೆ ಬೇಡದಿದ್ರೆ ನನಗೆ ಕೊಡಿ ವಕೀಲರೇ."

ಆ ಫೋಟೋದಲ್ಲಿ ನಾನು ನೋಡಿದ್ದು ಬೆಳಕು, ನೆರಳು ಮಾತ್ರ. ಅವರು ಮಗಳನ್ನು ನೋಡಿದ್ದರು. ಕೊಡಲೆಂದು ಎತ್ತಿಕೊಂಡೆ.

"ಬೇಡ ಅಂತ ಯಾರು ಹೇಳಿದ್ದು?" ವಸಂತಿ ಫ್ರೇಮಿನ ಇನ್ನೊಂದು ತುದಿ ಹಿಡಿದಿದ್ದಳು. "ಅದು ನನ್ನ ತಲೆಯ ಹೂ. ಜುಬೈದಕ್ಕನಿಗೆ ಇಂಥದ್ದೇ ಇನ್ನೊಂದು ಮಾಡಿಸಿ ಕೊಡಿ. ಇದನ್ನು ಇದ್ದಲ್ಲಿಗೇ ಹಾಕಿ."

ಹಾಕಿದೆ. ಈಗ ಎರಡು ಮನೆಯ ಗೋಡೆಗಳಲ್ಲಿ ಒಂದೇ ಮಲ್ಲಿಗೆ ಬಾಡಿಕೊಂಡಿದೆ. ನನ್ನ ಕಲೆಗೆ ಇನ್ನು ಯಾರ ಸರ್ಟಿಫಿಕೇಟೂ ಬೇಡ.

ನಿನ್ನೆ ಸದಾಶಿವಣ್ಣ ಕಾಗದ ಕೊಡಲು ಮತ್ತೆ ಬಂದರು. ವಸಂತಿಗೆ ಹಬ್ಬದ ಸಂಭ್ರಮ. ನೆಲ ಒರೆಸಿದ್ದಳು, ಪೇಟೆಯಿಂದ ಮಲ್ಲಿಗೆ ತರಿಸಿದ್ದಳು. ತಾನು ಮುಡಿದು ಉಳಿದ ಉದ್ದದ ಮಾಲೆಯನ್ನು, ಪ್ರೀತಿ ಉಕ್ಕಿ, ಆ ಫ್ರೇಮಿಗೆ ಹಾಕಿದ್ದಳು.

ಸದಾಶಿವಣ್ಣ ಬಾಗಿಲಲ್ಲಿ ನಿಂತರು. ಗೋಡೆ ನೋಡಿದರು. ಚೀಲದೊಳಗಿದ್ದ ಕೈ ಅಲ್ಲೇ ನಿಂತಿತು.

ಈ ಸಲವೂ ತಪ್ಪು ನನ್ನದಾ ಸ್ವಾಮೀ?