ಜರಿಯ ಕೌದಿ

ನಮ್ಮ ಮುಸರ್ರತ ಟೀಚರಿಗೆ ಹಗಲುಗನಸಿನ ಚಟ. ಬೀದರಿನ ಚಿದ್ರಿಯಿಂದ ಹೊರಟು, ರೈಲಿನ ಕಿಟಕಿಗೆ ತಲೆಯಾನಿಸಿ ನಮ್ಮ ಶಾಲೆಯಿರುವ ಭಾಲ್ಕಿ ತಲುಪುವಷ್ಟರಲ್ಲಿ ಅರೆಗಣ್ಣಿನಲ್ಲೇ ಒಂದು ಗ್ರಂಥಾಲಯ ಕಟ್ಟಿಬಿಡುತ್ತಿದ್ದಳು. ಕಬ್ಬಿನ ಹೊಲಗಳ ಮೇಲಿನ ಮಂಜಿನಲ್ಲಿ ಮಕ್ಕಳು ಪುಸ್ತಕ ಹಿಡಿದು ತೇಲುವುದು ಕಾಣುತ್ತಿತ್ತಂತೆ. ಜೊತೆಗೆ ಪಾಠ ಮಾಡುವ ನಾವು ನಕ್ಕರೆ, ಆಕೆಯೂ ನಗುತ್ತಿದ್ದಳು.

ಶಾಲೆಯ ಕಥೆಪುಸ್ತಕಗಳು ಚೀಲಗಳಲ್ಲಿ ಧೂಳು ತಿನ್ನುತ್ತಿದ್ದವು. ಆಕೆ ಅವನ್ನು ಒರೆಸಿ ವಿಂಗಡಿಸಿದಳು: ನಗುವಿನವು, ಪ್ರಾಣಿಗಳವು, ನಕ್ಷತ್ರಗಳವು. ಆಕೆಯ ತಂದೆ ಅಬ್ದುಲ ಮಜೀದ ಮದುವೆ ಶೇರವಾನಿ ಹೊಲಿಯುತ್ತಿದ್ದ ದರ್ಜಿ. ಅವರು ತೀರಿಕೊಂಡ ಮೇಲೆ ಉಳಿದದ್ದು ಒಂದು ಪೆಟ್ಟಿಗೆ ಜರಿಯ ತುಂಡುಗಳು. ಅವುಗಳಿಂದ ಪ್ರತಿ ಪುಸ್ತಕಕ್ಕೂ ಗವಸು ಹೊಲಿದಳು. ನಗುವಿಗೆ ಕೆಂಪು, ಪ್ರಾಣಿಗೆ ಹಸಿರು, ನಕ್ಷತ್ರಕ್ಕೆ ನೀಲಿ. ಮನೆಯಲ್ಲಿ ಪವಿತ್ರ ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿಡುವ ಹಾಗೆಯೇ ಇವನ್ನೂ ಶಾಲೆಯ ಗೋಡೆಯ ಗೂಡುಗಳಲ್ಲಿಟ್ಟಳು. ನೋಡಲು ಎರಡು ಕಣ್ಣು ಸಾಲದು.

ಮಕ್ಕಳು ಬಂದರು. ಕೈ ತೊಳೆದು, ಚಪ್ಪಲಿ ಬಿಟ್ಟು, ಗವಸನ್ನು ಕಣ್ಣಿಗೊತ್ತಿಕೊಂಡು, ಮತ್ತೆ ಅಲ್ಲೇ ಇಟ್ಟು ಹೋದರು. ದಸರಾ ರಜೆ ಕಳೆದರೂ ಯಾರೂ ಒಂದು ಗವಸನ್ನೂ ಬಿಚ್ಚಲಿಲ್ಲ.

ಹೆಡ್‌ಮಾಸ್ತರ ಸುಂದರರಾಜರು ಎಷ್ಟು ದಿನ ಸುಮ್ಮನಿದ್ದಾರು? "ಟೀಚರ್, ಔರಾದ ಕಡಿ ಒಂದು ಸಾಲಿಯವ್ರು ಪುಸ್ತಕ ಕೇಳ್ಯಾರ್ರಿ. ಇಲ್ಲಿ ಯಾರೂ ಓದವಲ್ರು. ಶನಿವಾರ ಕಳಸ್ತೇನಿ ನೋಡ್ರಿ" ಎಂದರು.

ಆಕೆ ನಾಲ್ಕನೆಯ ತರಗತಿಯ ಜೂಲಿಯನ್ನು ಕರೆದು ಕೇಳಿದಳು. "ಯಾಕವ್ವ, ಬಿಚ್ಚಿ ನೋಡಂಗಿಲ್ಲ?"

"ದೇವರ ಪುಸ್ತಕ ಅಲ್ರಿ ಟೀಚರ್? ನಮ್ಮ ಮನ್ಯಾಗೂ ಅವ್ವ ಹಿಂಗೇ ಮ್ಯಾಲ ಇಟ್ಟಾಳ್ರಿ. ನಾವು ಮುಟ್ಟಿದ್ರ ಹೊಲಸಾಗ್ತದ."

ಆ ಸಂಜೆ ರೈಲಿನಲ್ಲಿ ಆಕೆಗೆ ಯಾವ ಕನಸೂ ಬೀಳಲಿಲ್ಲ. ಮರುದಿನ ತಂದೆಯ ಕತ್ತರಿ ತಂದು ಗವಸುಗಳ ಹೊಲಿಗೆ ಬಿಚ್ಚುತ್ತ ಕುಳಿತಳು. "ಅಬ್ಬಾನ್ನ ಇನ್ನೊಮ್ಮೆ ಕಳಕೊಂಡಂಗ ಆಗ್ಲಿಕತ್ತದ್ರಿ" ಎಂದು ನನ್ನ ಮುಂದೆಯೇ ಅತ್ತಳು. ನನಗೂ ಸಂಕಟವಾಯಿತು. ಆದರೆ ಕತ್ತರಿ ನಿಲ್ಲಲಿಲ್ಲ.

ತುಂಡುಗಳನ್ನೆಲ್ಲ ಜೋಡಿಸಿ ಒಂದು ದೊಡ್ಡ ಕೌದಿ ಮಾಡಿದಳು. ನೆಲಕ್ಕೆ ಹಾಸಿ, ಕೆಂಪು ಮೂಲೆಯಲ್ಲಿ ನಗುವಿನ ಪುಸ್ತಕ, ಹಸಿರಿನಲ್ಲಿ ಪ್ರಾಣಿಗಳು, ನೀಲಿಯಲ್ಲಿ ನಕ್ಷತ್ರಗಳು ಎಂದು ಇಟ್ಟಳು. ಯಾರೂ ಕೌದಿ ತುಳಿಯಲಿಲ್ಲ. ಆಗ ಟೀಚರೇ ಬೋರಲು ಮಲಗಿ, ಅವಲಕ್ಕಿ ಚೂಡಾ ಮುಕ್ಕುತ್ತ, ಕಿಸಕ್ಕನೆ ನಗುತ್ತ ಓದತೊಡಗಿದಳು. ಹಾಳೆಗೆ ಎಣ್ಣೆ, ಅರಿಸಿನ ಹತ್ತಿದ ಬೆರಳು ತಗುಲಿತು. ಮಕ್ಕಳು ಹೌಹಾರಿದರು. ಏನೂ ಆಗಲಿಲ್ಲ. ಕೊನೆಗೆ ಜೂಲಿ ಅಂಚಿನಲ್ಲಿ ಕುಳಿತಳು. ಅವಳ ಹಿಂದೆ ಉಳಿದವರು.

ಶನಿವಾರ ಸುಂದರರಾಜರು ಚೀಲ ಹಿಡಿದು ಬಂದರು. ಬಾಗಿಲಿನಿಂದ ಇಳಿದ ಬಿಸಿಲಿನಲ್ಲಿ ಜರಿ ಮಿನುಗುತ್ತಿತ್ತು. ಮಕ್ಕಳು ಅಡ್ಡಾದಿಡ್ಡಿ ಮಲಗಿ, ಈ ಲೋಕದಲ್ಲೇ ಇಲ್ಲದವರ ಹಾಗೆ ಓದುತ್ತಿದ್ದರು. ಹೆಡ್‌ಮಾಸ್ತರರು ಒಂದು ಪುಸ್ತಕ ಎತ್ತಿಕೊಂಡರು. ಹಾಳೆಯ ಮೇಲೆ ಅರಿಸಿನ ಬಣ್ಣದ ಪುಟ್ಟ ಬೆರಳಚ್ಚು.

"ಟೀಚರ್, ಹೊಲಸು ಮಾಡ್ಯಾರಲ್ರಿ! ಇಂಥಾವ ಹ್ಯಾಂಗ ಕಳಸ್ಲಿ?"

ಮುಸರ್ರತ ಬಾಯಿ ತೆರೆಯುವ ಮೊದಲೇ, ಪುಸ್ತಕದಿಂದ ತಲೆ ಎತ್ತದೆ ಜೂಲಿ ಹೇಳಿದಳು: "ಸರ್, ಜರಾ ಸರೀರಿ. ಬೆಳಕು ಬೀಳವಲ್ದು."

ಸುಂದರರಾಜರು ಖಾಲಿ ಚೀಲ ಹಿಡಿದುಕೊಂಡೇ ಪಕ್ಕಕ್ಕೆ ಸರಿದರು.