ಖಾಲಿ ಉಳಿದ ಚಾಕುವಿನ ಜಾಗ

ಹೋದ ಭಾನುವಾರ ಕೂಕಟ್‌ಪಲ್ಲಿಯ ತವರುಮನೆಗೆ ಕಾಲಿಟ್ಟೊಡನೆ ಹಿತ್ತಾಳೆ ಪಾಲಿಶ್‌ನ ಗಾಟು ಮೂಗಿಗೆ ಬಡಿಯಿತು. ಆ ವಾಸನೆ ನಮ್ಮ ಮನೆಯದಲ್ಲ, ಎದುರು ಮನೆಯ ಫೌಜಿ ಕಾಕಾ ಅವರದು...

ವಿಜಯಪುರ ಕಡೆಯ ಕಾಕಾ ಭೂಸೇನೆಯಿಂದ ನಿವೃತ್ತರಾದ ಸುಬೇದಾರರು. ನನ್ನ ಅಪ್ಪ ವಾಯುಸೇನೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು. ಎದುರುಬದುರು ಬಾಗಿಲು, ದಿನಾ ಜಟಾಪಟಿ. ಕಾಕಾ ನಸುಕಿನಲ್ಲೇ ಎದ್ದು, ಹಾಸಿಗೆಯನ್ನು ಮೂಲೆಗೆ ಮೂಲೆ ಹೊಂದಿಸಿ ಮಡಚುತ್ತಿದ್ದರು. ಭಾನುವಾರ ಬಂದರೆ ಹಳೆಯ ಬೆಲ್ಟಿನ ಬಕಲು ಫಳಫಳ ಎನ್ನುವವರೆಗೆ ಉಜ್ಜುತ್ತಿದ್ದರು. ಅಪ್ಪ ಹವಾಯಿ ಚಪ್ಪಲಿಯಲ್ಲೇ ಬೇಗಂಪೇಟೆಯವರೆಗೂ ಹೋಗಿಬರುವ ಆಸಾಮಿ. ಆದರೆ ಫ್ಯಾನ್ ರಿಪೇರಿ ಮಾಡಿದರೂ, ಸಾಮಾನೆಲ್ಲ ಪೆಟ್ಟಿಗೆಗೆ ಮರಳುವ ತನಕ ಸ್ವಿಚ್ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ಸ್ಕ್ರೂಡ್ರೈವರ್ ಕಾಣದಿದ್ದರೂ ವಿಮಾನ ಹಾರುವುದಿಲ್ಲ, ಎಂಥ ದೊಡ್ಡ ಅಧಿಕಾರಿ ಕಾದಿದ್ದರೂ ಸಾಮಾನ್ಯ ಮೆಕ್ಯಾನಿಕ್ ಅದನ್ನು ನಿಲ್ಲಿಸಬಹುದು ಎನ್ನುತ್ತಿದ್ದರು. ಕಾಕಾಗೆ ಇದು ಅರಗುತ್ತಲೇ ಇರಲಿಲ್ಲ.

“ಸಾಹೇಬ್ರು ನಡಿ ಅಂದ್ರ ನಾವು ನಡದಬಿಡ್ತೀವ್ರಿ. ನಿಮ್ಮಲ್ಲಿ ಸಾಹೇಬ್ರಿಗೇ ನಿಂದರ್ರಿ ಅಂತಾರಂದ್ರ, ಅದೆಂಥಾ ಫೌಜ್ರಿ?”

ಸಲ್ಯೂಟಿನ ಬಗ್ಗೆಯೂ ಗೇಲಿ ಇತ್ತು. ಭೂಸೇನೆಯವರ ಅಂಗೈ ಪೂರ್ತಿ ಎದುರಿಗೆ ತೆರೆದಿರುತ್ತದೆ, ನೌಕಾಪಡೆಯವರದು ನೆಲ ನೋಡುತ್ತದೆ, ವಾಯುಸೇನೆಯವರದು ಇವೆರಡರ ನಡುವೆ ಓರೆ. “ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ” ಎಂದು ಕಾಕಾ ಅಪ್ಪನನ್ನು ಕಾಡುತ್ತಿದ್ದರು.

ನನ್ನ ಮದುವೆ ಹತ್ತಿರದ ಫಂಕ್ಷನ್ ಹಾಲಿನಲ್ಲಿ ನಡೆಯಿತು. ಕಲಬುರಗಿಯ ಬೀಗರು ಮರ್ಯಾದೆಯ ವಿಷಯದಲ್ಲಿ ಬಲು ಬಿಗಿ. ಊಟದಲ್ಲಿ ಹೆಚ್ಚುಕಡಿಮೆಯಾದರೆ ಮಗಳ ಗತಿ ಏನು ಎಂದು ಅವ್ವನಿಗೆ ಜೀವ ಡವಡವ. ಅಡುಗೆಯ ಉಸ್ತುವಾರಿ ಅಪ್ಪ ಮತ್ತು ಕಾಕಾ ಅವರದು. ಅಪ್ಪ ಒಂದು ಪ್ಲೈವುಡ್ ಹಲಗೆಯ ಮೇಲೆ ಚಾಕು, ತುರಿಮಣೆ ಎಲ್ಲ ಇಟ್ಟು ಸುತ್ತ ಗೆರೆ ಎಳೆದು, ವಿಮಾನದ ಶೆಡ್ಡಿನಲ್ಲಿ ಮಾಡುವಂತೆ ಒಂದೊಂದಕ್ಕೂ ಜಾಗ ಗುರುತಿಸಿದ್ದರು. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅಕ್ಷತೆ ಬಿತ್ತು. ಬೀಗರು ಊಟಕ್ಕೆ ಎದ್ದರು. ನೋಡಿದರೆ ಹಲಗೆಯ ಮೇಲೆ ಒಂದು ಸಣ್ಣ ಚಾಕುವಿನ ಜಾಗ ಖಾಲಿ! ಚಾಕು ಸಿಗುವ ತನಕ ಏನೂ ಬಡಿಸಕೂಡದು ಎಂದು ಅಪ್ಪ ಹಟ ಹಿಡಿದರು. ಅವ್ವ ಕೈಮುಗಿದಳು, ಅಪ್ಪ ಕದಲಲಿಲ್ಲ.

“ಕರದು ಬಾಗಲ್ದಾಗ ನಿಂದ್ರಸ್ತೀರೇನ್ರಿ? ನಡೀರಿ, ಹೋಗೂಣು” ಎಂದರು ಬೀಗರ ಕಡೆಯ ಹಿರಿಯರು. ಬಾಸಿಂಗ ಕಟ್ಟಿಕೊಂಡಿದ್ದ ನಾನು ಕಾಕಾ ಕಡೆಗೆ ತಿರುಗಿದೆ. ಇನ್ನು ಅಪ್ಪನಿಗೆ ಬುದ್ಧಿ ಹೇಳಬೇಕಾದವರು ಕಾಕಾ ಒಬ್ಬರೇ.

ಕಾಕಾ ಆ ಖಾಲಿ ಜಾಗವನ್ನು ನೋಡಿದರು, ಅಪ್ಪನ ಮುಖ ನೋಡಿದರು. ಸೀದಾ ಹೋಗಿ ಊಟದ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಎದೆ ಸೆಟೆಸಿ ನಿಂತರು.

“ಮಾಫ್ ಮಾಡ್ರಿ ಸಾಹೇಬ್ರ. ಇವರು ಬ್ಯಾಡ ಅಂದ್ರ ವಿಮಾನ ಹಾರಂಗಿಲ್ರಿ.”

ಅಡುಗೆಯವರು ಒಂದೊಂದೇ ಹಂಡೆಗೆ ಸೌಟು ಬಿಟ್ಟು ತಡಕಿದರು. ಬದನೆಕಾಯಿ ಪಲ್ಯದ ತಳದಲ್ಲಿ ಖಣ್ ಎಂದಿತು. ಮೊದಲ ಪಂಕ್ತಿಯಲ್ಲಿ ಕೂರಬೇಕಾಗಿದ್ದ ಚಿಕ್ಕ ಮಕ್ಕಳನ್ನು ಆ ಹಿರಿಯರು ತಿರುಗಿ ನೋಡಿದರು. ಆಮೇಲೆ ಅಪ್ಪನ ಕೈ ಹಿಡಿದು, “ಇಂಥಾ ಮನಿ ಹುಡುಗಿ ನಮ್ಮ ಮನಿಗೆ ಬರಾಕತ್ತಾಳ, ಮತ್ತೇನ್ ಬೇಕ್ರಿ!” ಎಂದರು. ಪಲ್ಯದ ಹಂಡೆ ಪಕ್ಕಕ್ಕೆ ಹೋಯಿತು, ಎಲೆಗಳು ಬಿದ್ದವು.

ಆಗ ಕಾಕಾ ಎಲ್ಲರೆದುರು ಹಿಮ್ಮಡಿ ಟಪ್ಪೆಂದು ಕೂಡಿಸಿ ಅಪ್ಪನಿಗೆ ಸಲ್ಯೂಟ್ ಹೊಡೆದರು, ಅಂಗೈ ಓರೆ ಮಾಡಿ! ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ನನ್ನ ಮದುವೆಯಲ್ಲಿ ನಾನು ಕಣ್ತುಂಬ ನೋಡಿದ್ದು ಅಪ್ಪನನ್ನೇ. ಅಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ.

ಕಾಕಾ ಹೋದ ಚಳಿಗಾಲದಲ್ಲಿ ತೀರಿಕೊಂಡರು... ಅವರ ಬಕಲು ಅಪ್ಪನ ಪಾಲಿಗೆ ಬಂತು. ಭಾನುವಾರ ನಾನು ಹೋದಾಗ ಅಪ್ಪ ಅದನ್ನೇ ಉಜ್ಜುತ್ತಾ ಕೂತಿದ್ದರು. ಮದುವೆಯ ಆ ಹಲಗೆ ಇನ್ನೂ ಅಡುಗೆಮನೆಯ ಗೋಡೆಯಲ್ಲಿದೆ. ಅದರ ಮೇಲೆ ಬಕಲಿಗೂ ಈಗ ಗೆರೆ ಎಳೆದ ಒಂದು ಜಾಗ. ಅದನ್ನು ಅಲ್ಲಿ ತೂಗುಹಾಕಿ ಬಂದ ಅಪ್ಪ, ಬೀಗ ಬಿದ್ದ ಎದುರು ಬಾಗಿಲಿಗೆ ಮುಖ ಮಾಡಿ ಸಲ್ಯೂಟ್ ಹೊಡೆದರು.

ಅಂಗೈ ಪೂರ್ತಿ ಎದುರಿಗೆ ತೆರೆದಿತ್ತು.