ಟಕ್ ಅಂತೋ ಇಲ್ವೋ

ಕಾರವಾರದಿಂದ ಅಂಕೋಲೆಯವರೆಗೆ, ಗುಂಡಿ ಒತ್ತಿದರೆ ತೆರೆಯುವ ಕರೆಂಟ್ ಲಾಕಿನ ಬಾಗಿಲು ಎಲ್ಲಿ ಲಟಪಟ ಎಂದರೂ ಬರುವವನು ಬೇಲೆಕೇರಿಯ ದುರ್ಗಪ್ಪನೇ. ಬಂದವನು ಮೊದಲಿಗೆ ಲಾಕನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮನೆಯವರು ಸಂದಿಗೆ ತುರುಕಿದ ರಟ್ಟಿನ ಚೂರನ್ನು ಎರಡು ಬೆರಳಲ್ಲಿ ಎಳೆದು, ಸತ್ತ ಇಲಿಯಂತೆ ಎತ್ತಿ ಹಿಡಿದು, "ಬಾಗ್ಲು ಸಮ ಕೂಡ್ರದೇ ಇದ್ರೆ ಲಾಕ್ ಎಂತಾ ಮಾಡ್ಬೇಕ್ರಾ?" ಎನ್ನುತ್ತಾನೆ. ಬಿಜಾಗರಿ ಬಿಗಿದು, ಚೌಕಟ್ಟಿನಲ್ಲಿರುವ ಲಾಕನ್ನು ಕೂದಲೆಳೆಯಷ್ಟು ಸರಿಸಿ, ಬಾಗಿಲು ಮುಚ್ಚಿ, ಮಲಗಿದ ಮಗುವಿನ ಬೆನ್ನ ಮೇಲೆ ಇಡುವಂತೆ ಅದರ ಮೇಲೆ ಅಂಗೈ ಇಟ್ಟು ನಿಲ್ಲುತ್ತಾನೆ. ಆಮೇಲೆ ಮನೆಯವರ ಮುಖವನ್ನೇ ನೋಡುತ್ತ, "ಟಕ್ ಅಂತೋ ಇಲ್ವೋ, ಹೇಳ್ರಾ!" ಹೌದೆನ್ನುವವರೆಗೆ ಸ್ಕ್ರೂಡ್ರೈವರ್ ಜೇಬಿಗಿಳಿಯುವುದಿಲ್ಲ. ಎಂಥ ಜಂಬ ಎಂದು ಮಲ್ಲಾಪುರದ ಕ್ವಾರ್ಟರ್ಸಿನವರು ನಗುತ್ತಾರೆ. ಬೋಟಿನ ಇಂಜಿನ್ನಿನ ಪಕ್ಕ ಇಪ್ಪತ್ತು ವರ್ಷ ಕೂತ ಅವನ ಕಿವಿಗೆ ಅಂಥ ಸಣ್ಣ ಸದ್ದು ಕೇಳದೆ ಎಷ್ಟೋ ಕಾಲವಾಯಿತು ಎಂಬುದು ಹೆಂಡತಿ ನೀಲಾಳಿಗೆ ಮಾತ್ರ ಗೊತ್ತು. "ಕಿವಿ ಕೇಳೂದಿಲ್ಲ ಅಂತ ಹೇಳ್ಲಿಕ್ಕೆ ಆಗೂದಿಲ್ವಾ?" ಎಂದು ಅವಳು ಗದರಿದರೆ ದುರ್ಗಪ್ಪ ಅಂಗೈ ಎತ್ತಿ ತೋರಿಸುತ್ತಾನೆ: "ನಂಗೆ ಇಲ್ಲೇ ಕೇಳ್ತದೆ. ಅವ್ರ ಕಿವಿ ಸಮ ಅದೆಯೋ ಇಲ್ವೋ ಅಂತ ಕೇಳೂದು, ಅಷ್ಟೇ."